ಚಂದ್ರಶೇಖರರಾಯರ ಪುಟಕ್ಕೆ ಮೂರು ಕೋಣೆ

ಅಕ್ಕಲಕೋಟದ ಚಂದ್ರಶೇಖರರಾಯರಿಗೆ ಹೇಸಿಗೆಯಾಗದ ವಸ್ತು ಈ ಭೂಮಿಯ ಮೇಲೆ ಸಿಗುವುದು ಕಷ್ಟವಿತ್ತು. ಬೆಳಿಗ್ಗೆ ಸೋಲಾಪುರದ ಎಸ್‌ಟಿ ಬಸ್ಸು ಹತ್ತಿದರೆ ಕಿಟಕಿಯ ಸರಳನ್ನು ಬರಿಗೈಯಿಂದ ಹಿಡಿಯುತ್ತಿರಲಿಲ್ಲ. ಆ ಸರಳಿನ ಮೇಲೆ ಇದಕ್ಕೆ ಮೊದಲು ಯಾರ ಕೈಯಿತ್ತೋ, ಆ ಕೈ ಅದಕ್ಕೂ ಮೊದಲು ಎಲ್ಲಿತ್ತೋ ಎಂದು ಯೋಚಿಸುತ್ತ ಹೋದರೆ ನಡುದಾರಿಯ ಊರು ವಳಸಂಗ ಬಂದುಬಿಡುತ್ತಿತ್ತು. ಪಕ್ಕದವನ ಗುಟಕಾ, ಮುಂದಿನವನ ಎಣ್ಣೆತಲೆ, ಕಂಡಕ್ಟರ್ ಎಂಜಲು ಹಚ್ಚಿ ಹರಿದುಕೊಟ್ಟ ಟಿಕೇಟು, ಎಲ್ಲಕ್ಕೂ ರಾಯರ ಹತ್ತಿರ ಒಂದೇ ಒಂದು ಅಕ್ಷರವಿತ್ತು: ಛೀ. ಸಂಗೀತಗಾರರು ಒಂದು ಸ್ವರವನ್ನು ಹಿಡಿದು ಅರ್ಧ ತಾಸು ಎಳೆಯುತ್ತಾರಲ್ಲ, ಹಾಗೆ ರಾಯರು ಆ ಒಂದಕ್ಷರದಲ್ಲಿ ಅಕ್ಕಲಕೋಟದಿಂದ ಸೋಲಾಪುರ ಮುಟ್ಟುತ್ತಿದ್ದರು.

ಅವರ ಉದ್ಯೋಗ ಸೋಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿದ್ದ ಅಣ್ಣಾರಾಯ ಸಾವಕಾರರ ಚಾದರ ಕಾರಖಾನೆಯಲ್ಲಿ. ಮೊದಲು ನೂಲಿನ ಗೋದಾಮಿನ ಕಾರಕೂನರಾಗಿದ್ದರು. ಅಲ್ಲಿ ಹತ್ತಿಯ ಧೂಳು ಮೂಗಿಗೆ, ಕಿವಿಗೆ, ಡಬ್ಬಿಯೊಳಗಿನ ಚಪಾತಿಗೆ ಸಮನಾಗಿ ಹಂಚಿಕೆಯಾಗುತ್ತಿತ್ತು. ಆ ಧೂಳಿನಿಂದ ಪಾರಾಗಬೇಕೆಂಬ ಒಂದೇ ಹಟಕ್ಕೆ ಸಂಜೆಯ ಕಂಪ್ಯೂಟರ್ ಕ್ಲಾಸು ಸೇರಿದರು. ಕಂಪ್ಯೂಟರಿಗೆ ಏರ್‌ಕಂಡೀಷನ್ ಕೋಣೆ ಬೇಕು, ಚಪ್ಪಲಿ ಹೊರಗೆ ಬಿಡಬೇಕು ಎಂದು ಯಾರೋ ಹೇಳಿದ್ದರು. ಇಷ್ಟು ಶುಚಿಯಾದ ದೇವರನ್ನು ರಾಯರು ಅಲ್ಲಿಯವರೆಗೆ ಕಂಡಿರಲಿಲ್ಲ.

ಎರಡು ಸಾವಿರದ ಇಸವಿ ಬಾಗಿಲಿಗೆ ಬಂದು ನಿಂತ ಕಾಲ. ಆ ರಾತ್ರಿ ಹನ್ನೆರಡಕ್ಕೆ ಜಗತ್ತಿನ ಎಲ್ಲ ಕಂಪ್ಯೂಟರುಗಳೂ ಪ್ರಾಣ ಬಿಡುತ್ತವೆಂದು ಪೇಪರುಗಳು ಸಾವಿನ ಸುದ್ದಿಯನ್ನು ಮುಂಗಡವಾಗಿ ಅಚ್ಚು ಹಾಕುತ್ತಿದ್ದವು. ಸಾಯುವುದಕ್ಕೆ ಮೊದಲು ಒಮ್ಮೆ ಇಂಟರ್ನೆಟ್ಟಿಗೆ ಹೋಗಿಬರೋಣ ಎಂದು ವ್ಯಾಪಾರಿಗಳೆಲ್ಲ ಯಾತ್ರೆ ಹೊರಟಂತೆ ಹೊರಟಿದ್ದರು. ಅಣ್ಣಾರಾಯರೂ ಹೊರಟರು. ಬಟ್ಟೆ ನೇಯುವ ಜೇಡರ ಊರಿಗೆ ಜೇಡನ ಬಲೆ ಬಂದಿತು. ನಾಗಪುರದ, ಇಂದೂರಿನ ದುಕಾನದಾರರು ತಮ್ಮೂರಿನ ಸೈಬರ್ ಕೆಫೆಯಲ್ಲಿ ಕೂತು ಸಾವಕಾರರ ಚಾದರಗಳ ಚಿತ್ರ ನೋಡಿ, ಬೇಕಾದಷ್ಟು ಸಂಖ್ಯೆ ಒತ್ತಿದರೆ, ಇಲ್ಲಿ ಮೋಡೆಮ್ಮು ಮೋಡದಂತೆಯೇ ಗುಡುಗಿ, ಚೀರಿ, ಮನಸ್ಸು ಬಂದರೆ ಆರ್ಡರ್ ಸುರಿಸುತ್ತಿತ್ತು. ಇದನ್ನೆಲ್ಲ ಒಬ್ಬರೇ ಕಟ್ಟಿದವರು ರಾಯರು.

ಕಟ್ಟಿದ್ದು ಹೇಗೆ ಎಂದು ಮಾತ್ರ ಕೇಳಬಾರದು. ಒಂದೇ ಪುಟ. ಚಾದರದ ಚಿತ್ರ ಎಲ್ಲಿ ಕಾಣಬೇಕು, ಅಕ್ಷರದ ಬಣ್ಣ ಏನು, ಗೋದಾಮಿನಲ್ಲಿ ಎಷ್ಟಿದೆ, ದರ ಎಷ್ಟು, ಗಿರಾಕಿಯ ವಿಳಾಸ, ಲಾರಿಯ ದಾರಿ, ಎಲ್ಲ ಅದೇ ಪುಟದೊಳಗೆ ಒಂದರ ಮೈಮೇಲೊಂದು ಬಿದ್ದುಕೊಂಡಿತ್ತು. ಮದುವೆಯ ಮನೆಯಲ್ಲಿ ಗಂಡಿನ ಕಡೆಯವರು ಒಂದೇ ಹಾಲಿನಲ್ಲಿ ಮಲಗಿದಾಗ ಯಾರ ಕಾಲು ಯಾರ ತಲೆಯ ಹತ್ತಿರ ಎಂದು ತಿಳಿಯುವುದಿಲ್ಲವಷ್ಟೆ. ಇನ್ನೊಂದು ಪುಟ ಬೇಕಾದಾಗ ರಾಯರು ಇದನ್ನೇ ಇಡಿಯಾಗಿ ನಕಲು ಮಾಡಿ ಹೆಸರು ಬದಲಿಸುತ್ತಿದ್ದರು. ಹೀಗೆ ಹಬ್ಬದ ಪುಟ ಹುಟ್ಟಿತು, ಹಳೆ ಗಿರಾಕಿಗಳ ಪುಟ ಹುಟ್ಟಿತು. ಆರ್ಡರುಗಳನ್ನು ನೋಡಿಕೊಳ್ಳುತ್ತಿದ್ದ ಕೇತಕಿ ಎಂಬ ಹುಡುಗಿ ಪದವೀಧರೆ, ಕಂಪ್ಯೂಟರ್ ಕಲಿತವಳು. ಆಕೆಯೂ ಆ ಪುಟಗಳ ಒಳಬರಹವನ್ನು ತೆರೆದು ನೋಡುವಂತಿರಲಿಲ್ಲ.

“ಅಲ್ಲಿ ಕೈ ಹಚ್ಚಬ್ಯಾಡವಾ. ಒಂದು ಚುಕ್ಕಿ ಹೋದ್ರ ಕಾರಖಾನಿ ಬಂದ್,” ಎನ್ನುತ್ತಿದ್ದರು ರಾಯರು.

ಕಾರಖಾನೆ ಬಂದಾಗಲಿಲ್ಲ, ವಿಪರೀತ ಚಾಲೂ ಆಯಿತು. ನಾಗಪುರದವನು ಮುನ್ನೂರು ಚಾದರ ಕೇಳಿದ್ದ, ಆರು ನೂರು ಹೋಗಿ ಅವನ ದುಕಾನದ ಮುಂದೆ ಇಳಿದವು.

ಇದು ಈ ಊರಿನವರು ಮಾತ್ರ ಮಾಡಬಹುದಾದ ತಪ್ಪು. ಅಣ್ಣಾರಾಯರ ಕಾರಖಾನೆಯಲ್ಲಿ ಚಾದರದ ಎಣಿಕೆ ಜೋಡಿಯಲ್ಲಿ. ನೂರು ಎಂದರೆ ನೂರು ಜೋಡಿ. ‘ಜೋಡಿ’ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದವನು ಹೊರಗಿನವನೆಂದೇ ಲೆಕ್ಕ. ಇಂಟರ್ನೆಟ್ಟಿನ ಗಿರಾಕಿ ಹೊರಗಿನವನು, ಅವನು ಬಿಡಿಯಾಗಿ ಕೇಳಿದ್ದ. ಪುಟ ಅವನ ಸಂಖ್ಯೆಯನ್ನು ಇದ್ದ ಹಾಗೆಯೇ ಚೀಟಿಯ ಮೇಲೆ ಹೊಡೆಯಿತು. ಪ್ಯಾಕಿಂಗ್ ಹಾಲಿನಲ್ಲಿ ಗಂಟು ಕಟ್ಟಿಸುವ ಕುರನೂರಿನ ಧೂಳಪ್ಪ ಚೀಟಿ ನೋಡಿ, ರೂಢಿಯಂತೆ ಜೋಡಿ ಕಟ್ಟಿಸಿದ. ಧೂಳಪ್ಪನದು ತಪ್ಪಲ್ಲ. ಪುಟದ್ದು ತಪ್ಪು. ಪುಟ ರಾಯರದು.

ರಾಯರು ಛೀ ಎಂದು ತಮಗೆ ತಾವೇ ಅಂದುಕೊಂಡು, ಸಂಖ್ಯೆಯನ್ನು ಅರ್ಧ ಮಾಡುವ ಒಂದು ಸಾಲನ್ನು ಮುಖ್ಯ ಪುಟದಲ್ಲಿ ಸೇರಿಸಿದರು, ಹಬ್ಬದ ಪುಟದಲ್ಲೂ ಸೇರಿಸಿದರು. ಕೇತಕಿ ಹಿಂದಿನಿಂದ ಮೆಲ್ಲಗೆ, “ಸರ, ಹಳೆ ಗಿರಾಕಿ ಪುಟದಾಗೂ ಅದs ಲೆಕ್ಕ ಐತಲ್ರಿ?” ಎಂದಳು.

“ನನಗ ಗೊತ್ತದ. ನೀ ನಿನ್ನ ಫೋನ್ ನೋಡು.”

ಗೊತ್ತಿತ್ತು ಎನ್ನುವುದು ಸುಳ್ಳಲ್ಲ. ಊಟದ ಹೊತ್ತಾಯಿತು, ಡಬ್ಬಿಯ ಮೇಲೆ ನೊಣ ಕೂತಿತ್ತು, ಛೀ ಎಂದು ಎದ್ದರು, ಮರೆತರು. ತಿಂಗಳು ತುಂಬುವುದರೊಳಗೆ ಇಂದೂರಿನ ಹಳೆ ಗಿರಾಕಿಗೂ ಎರಡು ಪಟ್ಟು ಚಾದರ ಹೋಗಿ ಮುಟ್ಟಿದವು.

ಅಣ್ಣಾರಾಯರು ಸಿಟ್ಟಿಗೇಳುವ ಮನುಷ್ಯರಲ್ಲ. ಬಾಯಿ ತುಂಬ ಎಲೆಯಡಿಕೆ ಇರುತ್ತಿದ್ದರಿಂದ ಸಿಟ್ಟಿಗೆ ಒಳಗೆ ಜಾಗವಿರಲಿಲ್ಲ. ರಾಯರನ್ನು ಕರೆಸಿ, ಪಿಕದಾನಿಗೆ ಗುರಿಯಿಟ್ಟು ಉಗುಳಿ, ಒಂದಷ್ಟು ಅವರ ಅಂಗಿಯ ತೋಳಿಗೂ ದಯಪಾಲಿಸಿ ಹೇಳಿದರು: “ಒಂದ್ಸಲ ಆದ್ರ ಚೂಕ್, ತಪ್ಪು ಅಂತೀನ್ರಿ. ಎರಡನೇ ಸಲ ಆದ್ರ ಪದ್ಧತಿ. ಮೂರನೇ ಸಲ ಆತು ಅಂದ್ರ ನೀವು ಗೋದಾಮಿಗೆ ವಾಪಸ್ ಹೋಗ್ರಿ, ನೂಲು ಎಣಸ್ರಿ. ಪುಣೆದಿಂದ ನಮ್ಮ ಕೌಶಿಕ ಬಂದಾನ. ಅವನ ಹತ್ರ ಏನೋ ಹೊಸಾ ಸ್ಟ್ರಕ್ಚರ್ ಐತಂತ. ನೋಡ್ರಿ. ಸೋಮವಾರ ಹೇಳ್ರಿ, ಮಾಡೂದೋ ಬಿಡೂದೋ.”

ರಾಯರು ತೋಳಿನ ಮೇಲಿನ ಕೆಂಪು ಚುಕ್ಕೆ ನೋಡಿಕೊಂಡರು. ಗೋದಾಮಿನ ಹತ್ತಿಯ ಧೂಳು ಆಗಲೇ ಮೂಗಿಗೆ ಬಂದಂತಾಯಿತು.

ಕೌಶಿಕ ಸಾವಕಾರರ ತಂಗಿಯ ಮಗ. ಪುಣೆಯ ಕಂಪನಿಯೊಂದರಲ್ಲಿ ಹೊಸದಾಗಿ ಸೇರಿಕೊಂಡವನು. ಕೂದಲಿಗೆ ಜೆಲ್ ಹಚ್ಚಿದ್ದ. ಅದೇ ಬೆರಳುಗಳಿಂದ ರಾಯರ ಕೀಬೋರ್ಡ್ ಮುಟ್ಟಿದ. ರಾಯರು ಕರವಸ್ತ್ರ ಹೊರಗೆ ತೆಗೆದರು.

“ಕಾಕಾ, ಇದು ಸ್ಪಗೆಟಿ ಐತಿ,” ಎಂದ ಪುಟ ತೆರೆದು.

“ಏನದು?”

“ಶಾವಿಗಿ ಅನ್ರಿ. ಎಲ್ಲಿ ಸುರು, ಎಲ್ಲಿ ಮುಗೀತು, ತಿಳಿಯಂಗಿಲ್ಲ. ಈಗ ಜಗತ್ತಿನ್ಯಾಗ ಹಿಂಗ್ಯಾರೂ ಬರೆಯಂಗಿಲ್ರಿ. ಹೊಸಾ ಫ್ರೇಮ್‌ವರ್ಕಿನ್ಯಾಗ ಮೂರು ಕೋಣಿ. ಮಾಲು, ದರ, ಲೆಕ್ಕ, ನಿಯಮ ಇವೆಲ್ಲ ಒಂದ್ರಾಗ. ಗಿರಾಕಿಗೆ ಕಾಣೋ ಮುಖ ಇನ್ನೊಂದ್ರಾಗ. ನಡುವ ಒಬ್ಬ ಮುನೀಮ, ಇಲ್ಲಿ ಕೇಳ್ದಾ, ಅಲ್ಲಿ ಹೇಳ್ದಾ. ಮುಖ ಬರೆಯೋ ಕೈ ಮಾಲಿಗೆ ಮುಟ್ಟಬಾರದು. ಮಾಲು ಮುಟ್ಟಿದ ಕೈ ಮುಖಕ್ಕ ಮುಟ್ಟಬಾರದು. ಮೂರು ಲೇಯರ್, ಕಾಕಾ.”

“ಮೂರು ಲೇಯರ್ ಆದ್ರ ಜಗಳ ಬಿಡಿಸಾಕ ಮೂರು ಲಾಯರ್ ಬೇಕಾಗ್ತಾರ,” ಎಂದರು ರಾಯರು. “ಇದು ಸ್ಟ್ರಕ್ಚರಲ್ಲಪ್ಪ, ಸ್ಟ್ರೆಚರ್. ನನ್ನ ಪುಟಾನ ಮಲಗಿಸಿ ಒಯ್ಯಾಕ ತಂದಿ. ಫ್ರೇಮಿಗೆ ಹೋದ ಮ್ಯಾಲೆ ಹಾರ ಹಾಕೂದೊಂದು ಬಾಕಿ.”

ಚೀಟಿ ಒಯ್ಯಲು ಬಂದಿದ್ದ ಧೂಳಪ್ಪ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದ. ಎರಡು ಸಲ ಆರ್ಡರು ದುಪ್ಪಟ್ಟಾದಾಗಲೂ ಬೈಸಿಕೊಂಡವನು ಮೊದಲು ಅವನೇ. ಮೀಸೆಯೊಳಗೇ ನಕ್ಕ.

“ಇದನ್ನ ಕಲಿಯಾಕ ಪುಣೆಗೆ ಹೋಗಿದ್ರೇನ್ರಿ ಸಣ್ಣ ಸಾವಕಾರ? ಮುಟ್ಟಬ್ಯಾಡ, ದೂರ ನಿಲ್ಲು, ನಡುವ ಒಬ್ಬಾಂವ ಕೇಳಿ ಹೇಳ್ತಾನ. ನಮ್ಮ ಮಂದಿಗೆ ಹುಟ್ಟಿದಾಗಿಂದ ಪಾಠ ಐತಿ. ರಾಯರ ಮನಿಗೆ ಒಮ್ಮೆ ಚಾದರ ಕೊಡಾಕ ಹೋಗಿದ್ದೆ, ನೀರು ಕೇಳ್ದೆ. ರಾಯರ ಅವ್ವಾರು ಕಟ್ಟಿ ಮ್ಯಾಲಿಂದ ಬೊಗಸಿಗೆ ಸುರದ್ರು. ಇಲ್ಲಿ ಆರ್ಡರ್ ಮ್ಯಾಲಿಂದ ಸುರೀತಾವ. ಕೆಳಗ ಬೊಗಸಿ ಹಿಡದಾಂವ ಮಾತ್ರ ನಾನs.”

ಕೌಶಿಕನಿಗೆ ಅರ್ಥವಾಗಲಿಲ್ಲ, ‘ಎಕ್ಸಾಕ್ಟ್ಲಿ’ ಎಂದ. ಕೇತಕಿ ಕೆಳಗೆ ನೋಡಿದಳು. ಧೂಳಪ್ಪ ನೀರು ಕೇಳಿದ ಆ ದಿನ ರಾಯರು ಮನೆಯಲ್ಲೇ ಇದ್ದರು, ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ಆವತ್ತೂ ಛೀ ಎಂದಿದ್ದರು. ಆದರೆ ಪೇಪರಿನ ಹಿಂದಿನಿಂದ.

ಭಾನುವಾರ ಮಧ್ಯಾಹ್ನ ಅಕ್ಕಲಕೋಟದ ಮನೆಯಲ್ಲಿ ಅವರ ತಾಯಿ ಯಮುನಾಬಾಯಿ ಬಡಿಸುತ್ತಿದ್ದರು. ಎಂಬತ್ತರ ಹತ್ತಿರದ ಮುದುಕಿ, ಮಡಿಯ ವಿಷಯದಲ್ಲಿ ಮಿಲಿಟರಿ. ಅನ್ನ ಮುಟ್ಟಿದ ಕೈ ಮುಸುರೆ. ಅದು ಮೊಸರಿಗೆ ಸಲ್ಲದು. ಮೊಸರು ಮುಟ್ಟಿದ ಕೈ ಉಪ್ಪಿನಕಾಯಿ ಜಾಡಿಗೆ ಸಲ್ಲದು. ಜಾಡಿ ಮುಟ್ಟುವ ಮೊದಲು ನೀರು ಮುಟ್ಟಬೇಕು. ರಾಯರಿಗೆ ಚಿಕ್ಕಂದಿನಿಂದಲೂ ಇದನ್ನು ಕಂಡರೆ ಆಗದು. ಶುಚಿ ಅವರಿಗೂ ಬೇಕು. ಆದರೆ ಈ ಮಡಿಯಲ್ಲಿ ನಡುಮನೆಯ ನೆಲ ಹಸಿಯಾಗಿ ಜಾರುತ್ತದೆ, ಒದ್ದೆ ಸೀರೆಯ ವಾಸನೆ ಬರುತ್ತದೆ, ಎಲ್ಲರೂ ಕಂಬಕ್ಕೆ ಹತ್ತಿಕೊಂಡು ನಿಲ್ಲಬೇಕಾಗುತ್ತದೆ. ಮಡಿಯಷ್ಟು ಗಲೀಜು ಇನ್ನೊಂದಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ.

ಊಟ ಮಾಡುತ್ತಲೇ ಅವರು ಎಡಗೈ ಚಾಚಿ ಜಾಡಿಯನ್ನು ಹತ್ತಿರ ಎಳೆದುಕೊಳ್ಳಲು ಹೋದರು.

“ಏ! ಬಿಡದನ್ನ! ಉಣ್ಣೂ ಹೊತ್ತಿನ್ಯಾಗ ಅದನ್ನ್ಯಾಕ ಮುಟ್ತಿ?”

“ಎಡಗೈ ಇದು. ಇದರಾಗ ಅನ್ನ ಇಲ್ಲ.”

“ನಿನಗ ತಿಳಿಯಂಗಿಲ್ಲ. ನನ್ನ ಜಾಡಿ ನಾ ಮುಟ್ತೀನಿ. ಬ್ಯಾರೆ ಯಾರೂ ಮುಟ್ಟೂದು ಬ್ಯಾಡ.”

“ಆಯಿ, ನೀ ಇಲ್ಲದಾಗ?”

“ನಾ ಇಲ್ಲದಾಗ ಉಪ್ಪಿನಕಾಯಿ ಯಾಕ ಬೇಕು?”

ರಾಯರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಇಷ್ಟು ವರ್ಷ ಅವರು ಅಸಹ್ಯಪಟ್ಟುಕೊಂಡದ್ದು ಆ ಕೈ ತೊಳೆಯುವ ನಿಯಮಗಳಿಗೆ. ನಿಜವಾಗಿ ನಿಯಮಗಳಲ್ಲಿ ಏನಿತ್ತು? ಅನ್ನದ ಕೈ ಬೀಳದಿದ್ದರೆ ಉಪ್ಪಿನಕಾಯಿ ಕೆಡುವುದಿಲ್ಲ, ಅಷ್ಟು ನಿಜ; ಅದನ್ನು ಯಾರು ಬೇಕಾದರೂ ಕಲಿಯಬಹುದು, ಯಾರು ಬೇಕಾದರೂ ಮಾಡಬಹುದು. ಕೊಳೆತದ್ದು ಅದಲ್ಲ. ‘ನನ್ನ ಜಾಡಿ ನಾ ಮಾತ್ರ ಮುಟ್ತೀನಿ’ ಎಂಬುದು ಕೊಳೆತದ್ದು. ಧೂಳಪ್ಪನ ಬೊಗಸೆಗೆ ಮೇಲಿನಿಂದ ನೀರು ಸುರಿದದ್ದೂ ಶುಚಿಗಾಗಿ ಅಲ್ಲ.

ಹಾಗಾದರೆ ತಮ್ಮ ಪುಟ? ಅದರೊಳಗೆ ಅನ್ನ, ಮೊಸರು, ಉಪ್ಪಿನಕಾಯಿ, ಮುಸುರೆ ಪಾತ್ರೆ ಎಲ್ಲ ಒಂದೇ ಬಾನಿಯಲ್ಲಿ ಕಲಸಿತ್ತು. ಆದರೂ ಯಾರೂ ಮುಟ್ಟಬಾರದು, ಕೇತಕಿಯಂತೂ ಹತ್ತಿರ ಬರಬಾರದು. ಅಂದರೆ ಮಡಿಯ ಒಳ್ಳೆಯದನ್ನೆಲ್ಲ ಬಿಟ್ಟು ಕೆಟ್ಟದ್ದೊಂದನ್ನೇ ಆರಿಸಿ ಇಟ್ಟುಕೊಂಡ ಮಹಾನುಭಾವರು ತಾವು. ರಾಯರಿಗೆ ಬಸ್ಸಿನ ಸರಳು, ಸಾವಕಾರರ ಪಿಕದಾನಿ, ಕೌಶಿಕನ ಜೆಲ್ಲು ಯಾವುದೂ ತರಿಸದಂಥ ವಾಕರಿಕೆ ತಮ್ಮ ಮೇಲೆಯೇ ಬಂದಿತು. ಅರ್ಧ ಊಟಕ್ಕೆ ಎದ್ದರು.

“ನೋಡು, ಮುಟ್ಟಬ್ಯಾಡ ಅಂದ್ರ ಸಿಟ್ಟು,” ಎಂದರು ಯಮುನಾಬಾಯಿ ಜಾಡಿಯ ಬಾಯಿ ಕಟ್ಟುತ್ತ.

ಸೋಮವಾರ ಸಾವಕಾರರ ಕೋಣೆಗೆ ಹೋಗುವ ಮೊದಲು ರಾಯರು ಕೌಶಿಕನನ್ನು ಚಹಾದ ಗಾಡಿಯ ಹತ್ತಿರ ಹಿಡಿದರು.

“ಖರೇ ಹೇಳಪ್ಪ. ಈ ಮೂರು ಕೋಣಿ ಕಟ್ಟಿ ಎಷ್ಟು ದುಕಾನ ನಡಸೀರಿ ನೀವು?”

ಕೌಶಿಕ ಚಹಾದೊಳಗೆ ಬಿಸ್ಕೀಟು ಅದ್ದಿದ. ಅದು ಮುರಿದು ಒಳಗೆ ಬಿತ್ತು. ಬೆರಳು ಹಾಕಿ ತೆಗೆದ. ರಾಯರು ಕಣ್ಣು ಮುಚ್ಚಿಕೊಂಡರು.

“ನಡೆಸಿಲ್ರಿ ಕಾಕಾ. ನಮ್ಮ ಕಂಪನಿಯೊಳಗ ಡೆಮೋ ಮಾಡ್ಯಾರ. ಕಂಪ್ಯೂಟರ್ ಮಾಸಿಕದ ಸಂಗಡ ಸಿಡಿ ಬಂದಿತ್ತು, ಅದರಾಗ ಐತಿ. ಆದ್ರ ಮುಂದ ಎಲ್ಲಾರೂ ಇದನ್ನs ಮಾಡ್ತಾರ.”

“ನಮ್ಮ ದುಕಾನ ಇದರಾಗ ಕಟ್ಟಾಕ ಎಷ್ಟು ದಿವಸ?”

“ಎಲ್ಲಾ ಕೆಡವಿ ಮೊದಲಿಂದ ಬರೀಬೇಕು. ದೀಪಾವಳಿ ದಾಟ್ತದ. ಅಲ್ಲೀತನಕ ಸೈಟ್ ಬಂದ್ ಇಡಬೇಕಾಗ್ತದ. ಮತ್ತ ನನ್ನ ರಜಾ ಶನಿವಾರಕ್ಕ ಮುಗೀತದ.”

ಛೀ. ಈ ಸಲದ್ದು ತುಂಬ ಉದ್ದವಾಗಿತ್ತು. ಹಳೆಯದು ಹೊಲಸು ಎಂದು ನಿನ್ನೆ ಒಪ್ಪಿಕೊಂಡಾಗಿತ್ತು. ಹೊಸದು ಇನ್ನೂ ಯಾರೂ ಉಂಡು ನೋಡದ ಅಡುಗೆ ಎಂದು ಇವತ್ತು ತಿಳಿಯಿತು. ಚಾದರಕ್ಕೆ ಗಿರಾಕಿ ಬರುವುದೇ ದೀಪಾವಳಿಗೆ, ಚಳಿಗೆ. ಅದೇ ಹೊತ್ತಿನಲ್ಲಿ ದುಕಾನ ಮುಚ್ಚಿ ಮನೆ ಕಟ್ಟಿದರೆ ಸಾವಕಾರರು ತಮ್ಮನ್ನು ಗೋದಾಮಿಗೆ ಕಳಿಸಲು ಮೂರನೇ ತಪ್ಪಿನ ದಾರಿ ಕಾಯಬೇಕಾಗಿಯೇ ಇಲ್ಲ.

ಅಣ್ಣಾರಾಯರ ಎದುರು ರಾಯರು ನಿಂತರು. ಕೌಶಿಕ ಕೂತ. ಧೂಳಪ್ಪ ಮತ್ತು ಕೇತಕಿಯನ್ನೂ ರಾಯರೇ ಕರೆಸಿದ್ದರು.

“ಹಾಂ, ಹೇಳ್ರಿ. ಹೊಸಾದೋ ಹಳೇದೋ?”

“ಹೊಸಾದ್ರಾಗಿನ ಒಂದು ಕೋಣಿ ಕಟ್ತೀನ್ರಿ. ಮೂರೂ ಅಲ್ಲ.”

“ಒಂದು ಕೋಣಿ? ಅದೇನ್ ಅರ್ಧಾ ಕೆಲಸರೀ? ಮಂದಿಗೆ ತೋರಿಸಾಕ ಬ್ಯಾಡೇನು?”

“ಮಂದಿಗೆ ಕಾಣೂದು ಮುಖ. ಮುಖ ಚಲೋ ಐತಿ, ಅದನ್ನ ಹಂಗs ಬಿಡೂಣ. ರೋಗ ಇರೂದು ಲೆಕ್ಕದಾಗ. ಬಿಡಿ ಎಷ್ಟು, ಜೋಡಿ ಎಷ್ಟು ಅನ್ನೂ ನಿಯಮ ಮೂರು ಪುಟದಾಗ ಮೂರು ಸಲ ಬರೀಬೇಕಾಗಿತ್ತು, ಒಂದರಾಗ ಮರತೀನಿ. ಅದನ್ನ ಒಂದs ಜಾಗಾದಾಗ ಇಡ್ತೀನಿ. ಮೂರೂ ಪುಟ ಅಲ್ಲಿ ಹೋಗಿ ಕೇಳ್ಬೇಕು. ಇನ್ನ ಮುಂದ ಹೊಸಾ ಪುಟ ಏನ್ ಮಾಡ್ತೀವಿ, ಅವನ್ನ ಕೌಶಿಕ ಹೇಳ್ದಂಗ ಪೂರಾ ಮೂರು ಕೋಣ್ಯಾಗs ಮಾಡೂಣ. ಹಳೇವು ಒಂದೊಂದs ಬದಲಾಗ್ಲಿ. ದುಕಾನ ಒಂದು ದಿವಸಾನೂ ಬಂದ್ ಬ್ಯಾಡ.”

ಕೌಶಿಕನ ಮುಖ ಸಣ್ಣದಾಯಿತು. “ಕಾಕಾ, ಅರ್ಧಾ ಹೊಸದು ಅರ್ಧಾ ಹಳೇದು, ನೋಡಾಕ ಅಗದೀ ಗಚಾಳ, ಹೊಲಸು.”

“ಗಚಾಳ ಕಾಣಸ್ತದ, ಖರೆ. ಹೇಸಿಗಿ ಬರ್ತದ ನನಗೂ,” ಎಂದರು ರಾಯರು. “ಇನ್ನೊಂದು ಮಾತ್ರಿ ಸಾವಕಾರ. ಆ ಲೆಕ್ಕದ ಕೋಣಿ ಕೇತಕಿಗೂ ತೆರೀಬೇಕು. ಆಕಿ ಅವತ್ತs ತಪ್ಪು ತೋರಿಸಿದ್ಲು. ನಾ ಮುಟ್ಟಗೊಡಲಿಲ್ಲ. ಮತ್ತ ಚೀಟಿ ಮ್ಯಾಲೆ ‘ಜೋಡಿ’ ಅಂತ ಸಾಫ್ ಬರೀಬೇಕು, ಧೂಳಪ್ಪ ಓದಿ ನೋಡಿ ಸಹಿ ಹಾಕಬೇಕು. ಬರೋಬರ್ ಇಲ್ಲಂದ್ರ ಚೀಟಿ ವಾಪಸ್ ಮ್ಯಾಲೆ ಕಳಸ್ಬೇಕು.”

ಅಣ್ಣಾರಾಯರು ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು.

“ಮ್ಯಾಲೆ ಕಳಸ್ಬೌದೇನ್ರಿ?” ಎಂದ ಧೂಳಪ್ಪ, ನಂಬದವನಂತೆ.

“ಕಳಸ್ಬೇಕು ಅಂದೆ.”

“ಹಂಗಾದ್ರ ನಿಮ್ಮ ಚೀಟಿ ದಿವಸಾ ಒಂದು ವಾಪಸ್ ಬರ್ತದ ನೋಡ್ರಿ ರಾಯರ. ಚೂಕ್ ಇರ್ಲಿ, ಇಲ್ದs ಇರ್ಲಿ.”

ಎಲ್ಲರೂ ನಕ್ಕರು. ಅಣ್ಣಾರಾಯರೂ ನಕ್ಕರು, ಇದರ ಫಲ ಮೇಜಿನ ಮೇಲಿನ ಕ್ಯಾಲೆಂಡರಿನ ಪಾಲಿಗೆ ಬಂತು. “ಆತು. ಮಾಡ್ರಿ. ಚೂಕ್ ಆದ್ರ ಗೋದಾಮು ಐತಿ, ಲಕ್ಷ್ಯದಾಗಿರ್ಲಿ.”

ವಾರವಿಡೀ ರಾಯರು ತಮ್ಮ ಪುಟದ ಹೊಟ್ಟೆ ಬಗೆದು ಲೆಕ್ಕದ ಸಾಲುಗಳನ್ನು ಹೊರಗೆ ತೆಗೆದರು. ತಮ್ಮದೇ ಬರಹ, ತಮಗೇ ಗುರುತು ಸಿಗದು. ಎಂದೋ ಬಿಟ್ಟುಹೋದ ಚಾದರದ ದರಗಳು, ಸತ್ತ ಗಿರಾಕಿಯೊಬ್ಬನ ರಿಯಾಯಿತಿ, ಯಾಕೆ ಇದೆ ಎಂದು ತಿಳಿಯದ ಒಂದು ಗುಣಾಕಾರ. ಅಡಿಗೆಮನೆಯ ಕಪಾಟನ್ನು ಗೋಡೆಯಿಂದ ಸರಿಸಿದಾಗ ಹಿಂದೆ ಏನು ಸಿಗುತ್ತದೋ ಅದೆಲ್ಲ ಸಿಕ್ಕಿತು. ಪಕ್ಕದಲ್ಲಿ ಕೂತ ಕೌಶಿಕ ಹೊಸ ಕೋಣೆಯ ಬಾಗಿಲು ಹೇಗೆ ಇಡಬೇಕೆಂದು ಹೇಳಿಕೊಟ್ಟ. ತಮ್ಮ ಅರ್ಧ ವಯಸ್ಸಿನವನಿಂದ ಪಾಠ ಹೇಳಿಸಿಕೊಳ್ಳುವುದು ರಾಯರಿಗೆ ಅಗದೀ ಕಹಿಯಾಯಿತು. ಅದಕ್ಕಿಂತ ಕಹಿಯಾದದ್ದೆಂದರೆ ಹುಡುಗ ಒಳ್ಳೆಯ ಮಾಸ್ತರನಾಗಿದ್ದ.

ಕೌಶಿಕ ಪುಣೆಗೆ ಹೋದ ಮೇಲೆ ನಾಗಪುರದವನಿಂದ ದೊಡ್ಡ ಆರ್ಡರು ಬಂದಿತು, ಅದೂ ಹಬ್ಬದ ಪುಟದಿಂದ. ಚೀಟಿ ಪ್ಯಾಕಿಂಗ್ ಹಾಲಿಗೆ ಇಳಿಯಿತು. ಧೂಳಪ್ಪ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಬೇಕೆಂದೇ ಬಹಳ ಹೊತ್ತು ಓದಿ, ಸಹಿ ಹಾಕಿದ. ನಾಗಪುರದಿಂದ ಫೋನು ಬಂದಾಗ ರಾಯರೇ ಎತ್ತಿದರು. ಮಾಲು ಬರೋಬರ್ ಬಂದಿದೆ ಎಂದ ಅವನು. ಕಳೆದ ಸಲ ಪುಕ್ಕಟೆ ಬಂದ ಹಾಗೆ ಈ ಸಲ ಯಾಕೆ ಬರಲಿಲ್ಲ ಎಂದು ತಕರಾರನ್ನೂ ಮಾಡಿದ.

ಅಣ್ಣಾರಾಯರು ರಾಯರ ಬೆನ್ನು ಚಪ್ಪರಿಸಿ, ಬೆನ್ನಿನ ಮೇಲೆ ಸುಣ್ಣದ ಐದು ಬೆರಳು ಮೂಡಿಸಿ, “ಗೋದಾಮು ಸದ್ಯಕ್ಕ ಬ್ಯಾಡ,” ಎಂದರು. ಆಮೇಲೆ ಬಂದವರಿಗೆಲ್ಲ, ಪುಣೆಯಿಂದ ತಮ್ಮ ಸೋದರಳಿಯ ಕೌಶಿಕ ಬಂದು ಹೊಸ ಸ್ಟ್ರಕ್ಚರ್ ಕೂರಿಸಿ ಹೋದನೆಂದು ಹೇಳತೊಡಗಿದರು. ರಾಯರು ಕೇಳಿಸಿಕೊಂಡರು. ಬೆನ್ನಿನ ಸುಣ್ಣವನ್ನು ಒರೆಸಿಕೊಳ್ಳಲು ಅವರ ಕೈ ಅಲ್ಲಿಗೆ ನಿಲುಕುತ್ತಿರಲಿಲ್ಲ.

ಚಳಿ ಶುರುವಾದ ಮೇಲೆ ಟಾವೆಲ್ಲುಗಳನ್ನೂ ಸೈಟಿಗೆ ಏರಿಸಬೇಕಾಯಿತು. ಟಾವೆಲ್ಲಿನ ಎಣಿಕೆ ಡಜನ್ನಿನಲ್ಲಿ. ರಾಯರು ಬಸ್ಸು ತಡವಾಗಿ ಆಫೀಸಿಗೆ ಬರುವ ಹೊತ್ತಿಗೆ ಕೇತಕಿ ಅವರ ಕುರ್ಚಿಯಲ್ಲಿ ಕೂತು, ಲೆಕ್ಕದ ಕೋಣೆ ತೆರೆದು, ಡಜನ್ನಿನ ಸಾಲನ್ನು ತಾನೇ ಬರೆಯುತ್ತಿದ್ದಳು. ಕೀಬೋರ್ಡಿನ ಪಕ್ಕದಲ್ಲಿ ಅವಳು ತಿನ್ನುತ್ತಿದ್ದ ಚೂಡಾದ ಪೊಟ್ಟಣ. ಅಕ್ಷರಗಳ ನಡುವೆ ಎಣ್ಣೆ ಹಚ್ಚಿದ ಒಂದೆರಡು ಚುರುಮುರಿ.

“ಸರ, ಬರೋಬರ್ ಐತೇನ್ರಿ ನೋಡ್ರಿ.”

ರಾಯರ ಬಲಗೈ ತಾನಾಗಿಯೇ ಮುಂದೆ ಹೋಯಿತು. ಮೌಸನ್ನು ಅವಳ ಕೈಯಿಂದ ಕಿತ್ತುಕೊಳ್ಳಲೇಬೇಕು ಎಂಬಂತೆ. ಗಂಟಲಿನ ತನಕ ಛೀ ಬಂದಿತ್ತು. ಅವರು ಪಕ್ಕದ ಸ್ಟೂಲನ್ನು ಎಳೆದುಕೊಂಡು, ಆ ಕೈಯನ್ನು ತೊಡೆಯ ಕೆಳಗೆ ಇಟ್ಟು, ಅದರ ಮೇಲೆ ಭಾರ ಹಾಕಿ ಕೂತರು.

“ನೀನs ಓದಿ ಹೇಳವಾ,” ಎಂದರು.